ಕ್ವಾರ್ಟ್ಜ್ ಕಲ್ಲಿನ ಮೇಲೊಂದು ರೊಟ್ಟಿ

ಕೆಲವರಿಗೆ ಹಾಡಲು ಬರುತ್ತದೆ, ಕೆಲವರಿಗೆ ಕಸೂತಿ ಹಾಕಲು ಬರುತ್ತದೆ, ನನಗೆ ಮೂಗು ಮುರಿಯಲು ಬರುತ್ತದೆ. ಇಪ್ಪತ್ತೆರಡು ವರ್ಷ ಸರಕಾರಿ ಪ್ರೌಢಶಾಲೆಯಲ್ಲಿ ಪಾಠ ಹೇಳಿ, ಈಗ ಮುಖ್ಯೋಪಾಧ್ಯಾಯಿನಿಯ ಕುರ್ಚಿಯಲ್ಲಿ ಕೂತ ಮೇಲಂತೂ ಈ ವಿದ್ಯೆ ಇನ್ನಷ್ಟು ಹರಿತವಾಗಿದೆ. ಮದುವೆಗೆ ಹೋದರೆ ಬದನೆಕಾಯಿ ಪಲ್ಯಕ್ಕೆ ಉಪ್ಪು ಸಾಲದು, ಹೊಸ ಮನೆ ನೋಡಲು ಹೋದರೆ ಮೆಟ್ಟಿಲು ಕಡಿದು, ಮಗು ನೋಡಲು ಹೋದರೆ ತೊಟ್ಟಿಲ ಬಣ್ಣ ಅತಿಯಾಯಿತು. ಏನಾದರೊಂದು ಕೊರತೆ ಹುಡುಕದೆ ಎದ್ದು ಬಂದರೆ ನನಗೆ ಉಂಡಂತೆಯೇ ಆಗುವುದಿಲ್ಲ. ಇದು ಒಳ್ಳೆಯ ಗುಣವಲ್ಲ ಎಂದು ನಮ್ಮವರು ಆಗಾಗ ಹೇಳುತ್ತಾರೆ. ಅವರು ಎಂಜಿನಿಯರು, ದಿನವೆಲ್ಲ ನಕ್ಷೆ ನೋಡುವವರು. ಕಾಗದದ ಮೇಲೆ ಎಲ್ಲವೂ ನೆಟ್ಟಗೇ ಕಾಣುತ್ತದೆ.

ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಮನೆಯ ಅಡುಗೆ ಕಟ್ಟೆಗೆ ಮೊದಲಿನಿಂದ ಇದ್ದದ್ದು ಕಡಪಾ ಕಲ್ಲು. ಒಲೆಯ ಪಕ್ಕದಲ್ಲಿ ಅದು ಬಿರುಕು ಬಿಟ್ಟು, ಆ ಬಿರುಕಿನಲ್ಲಿ ಕೆಂಪಿರುವೆಗಳು ನಮಗಿಂತ ಹೆಚ್ಚು ಶಿಸ್ತಿನಿಂದ ಸಂಸಾರ ಹೂಡಿದ ಮೇಲೆ, ಕಲ್ಲು ಬದಲಿಸುವುದು ಅನಿವಾರ್ಯವಾಯಿತು. ನಾಲ್ಕು ಮಾತಿನಲ್ಲಿ ಮುಗಿಯಬೇಕಿದ್ದ ಕೆಲಸ. ಆದರೆ ನಮ್ಮವರು ಮೊಬೈಲಿನಲ್ಲಿ ಅಡುಗೆಮನೆಯ ವಿಡಿಯೋ ನೋಡತೊಡಗಿದರು. ಆ ಅಡುಗೆಮನೆಗಳನ್ನು ನೀವೂ ನೋಡಿರುತ್ತೀರಿ. ಮಂಜಿನಂಥ ಬಿಳಿ ಕಟ್ಟೆ, ಅದರ ಮೇಲೆ ಒಂದು ಹೂದಾನಿ, ಮೂರು ನಿಂಬೆಹಣ್ಣು, ಪಕ್ಕದಲ್ಲಿ ಕೂದಲು ಇಳಿಬಿಟ್ಟುಕೊಂಡು ನಗುತ್ತ ನಿಂತ ಹೆಂಗಸು. ಒಗ್ಗರಣೆಯ ಒಂದು ಸಾಸಿವೆ ಕಾಳು ಎಂದೂ ಅವಳ ಮೇಲೆ ಸಿಡಿದಿಲ್ಲ. ಅಡುಗೆಯೊಂದನ್ನು ಬಿಟ್ಟು ಅಲ್ಲಿ ಎಲ್ಲವೂ ಇರುತ್ತದೆ. “ಕ್ವಾರ್ಟ್ಜ್ ಹಾಕಸೂಣು. ಈಗ ಎಲ್ಲಾರೂ ಅದನ್ನ ಹಾಕಸಾಕತ್ತಾರ,” ಎಂದರು ನಮ್ಮವರು. “ಎಲ್ಲಾರೂ ಅಂದ್ರ ಯಾರು?” ಎಂದೆ. ಬಹಳ ಕೆದಕಿದ ಮೇಲೆ ಈ ಎಲ್ಲಾರೂ ಅಂದರೆ ಹಿಂದಿನ ಓಣಿಯ ನಿವೃತ್ತ ತಹಸೀಲ್ದಾರರು ಒಬ್ಬರೇ ಎಂದು ಗೊತ್ತಾಯಿತು. ಅವರು ತಮ್ಮ ಮನೆಯಲ್ಲಿ ನೀರು ಕುಡಿಯಲು ಮಾತ್ರ ಅಡುಗೆಮನೆಗೆ ಹೋಗುವವರು.

ಅಂತೂ ಒಂದು ರವಿವಾರ ಗೋಕುಲ ರಸ್ತೆಯ ಒಂದು ಕಲ್ಲಿನ ಅಂಗಡಿಗೆ ಹೋದೆವು. ಮಾಲೀಕರು ದಸ್ತಗೀರ ಸಾಹೇಬರು, ನಮ್ಮ ವಯಸ್ಸಿನವರೇ, ಬಹಳ ಮರ್ಯಾದೆಯ ಮನುಷ್ಯ. ಅವರ ತಂದೆ ರಸ್ತೆಯ ಬದಿಗೆ ಕೂತು ಒಳಕಲ್ಲು, ಬೀಸುಕಲ್ಲು ಕಡಿದು ಮಾರುತ್ತಿದ್ದರಂತೆ. ಅದನ್ನು ಅವರು ಅಭಿಮಾನದಿಂದಲೇ ಹೇಳಿದರು. ಅಪ್ಪ ಕಲ್ಲನ್ನು ಕಡಿದರು, ಮಗ ಕಲ್ಲಿನ ಪುಡಿಗೆ ಅಂಟು ಕಲಸಿ ಒತ್ತಿದ ಹಲಗೆಯನ್ನು ಕಲ್ಲೆಂದು ಮಾರುತ್ತಿದ್ದಾರೆ ಎಂದು ನಾನು ಮನಸ್ಸಿನಲ್ಲೇ ಒಂದು ಅಂಕ ಕಳೆದೆ. ಆಮೇಲೆ ಬಣ್ಣಗಳ ಮೆರವಣಿಗೆ ಶುರುವಾಯಿತು. ಹನ್ನೊಂದು ಹಲಗೆ, ಹನ್ನೊಂದು ವಿಲಾಯತಿ ಹೆಸರು, ಎಲ್ಲವೂ ಬಿಳಿ. ಒಂದರಲ್ಲಿ ಬೂದು ಗೆರೆ ಇತ್ತು, ಇನ್ನೊಂದರಲ್ಲಿ ಆ ಗೆರೆ ಇತ್ತೋ ಇಲ್ಲವೋ ಎಂಬ ಅನುಮಾನವಿತ್ತು. ನಮ್ಮವರು ಒಂದೊಂದರ ಮುಂದೆಯೂ ತಲೆ ವಾರೆ ಮಾಡಿ ನಿಂತು “ಇದರಾಗ ಒಂದು ಆಳ ಐತಿ ನೋಡು,” ಎನ್ನತೊಡಗಿದರು. ಎರಡು ಬೆರಳು ದಪ್ಪವಿಲ್ಲದ ಹಲಗೆಯಲ್ಲಿ ಎಂಥ ಆಳ?

ಸಾಹೇಬರು ನಾಣ್ಯದಿಂದ ಗೀಚಿ ತೋರಿಸಿದರು, ಗೀರು ಬೀಳಲಿಲ್ಲ. ಅರಿಷಿಣ ಕಲಸಿ ಸವರಿ ಒರೆಸಿದರು, ಕಲೆ ನಿಲ್ಲಲಿಲ್ಲ. “ಒಂದ ಮಾತ್ರ ಲಕ್ಷ್ಯದಾಗ ಇಡ್ರಿ ಮೇಡಂ. ಕಾದ ಹಂಚು ಸೀದಾ ಇದರ ಮ್ಯಾಲ ಇಡಬ್ಯಾಡ್ರಿ,” ಎಂದರು. ನನಗೆ ಅಷ್ಟೇ ಬೇಕಾಗಿತ್ತು. “ಬಿಸಿ ತಡಿಯಂಗಿಲ್ಲ ಅಂದ್ರ ಇದನ್ನ ಅಡಗಿಮನ್ಯಾಗ ಯಾಕ ಹಾಕಬೇಕ್ರಿ? ಮಲಗೂ ಖೋಲ್ಯಾಗ ಹಾಕಸೂಣೇನು?” ಎಂದೆ. ಸಾಹೇಬರು ಸಾವಧಾನವಾಗಿ ನಕ್ಕು, ವಾಸ್ತು ಪ್ರಕಾರ ಯಾವ ದಿಕ್ಕಿಗೆ ಯಾವ ಬಣ್ಣ ಎಂಬ ಪಟ್ಟಿ ಮುಂದಿಟ್ಟರು. “ನಮ್ಮ ಮನ್ಯಾಗ ಇರೋದು ಬುದ್ಧನ ಮೂರ್ತಿ ರೀ. ಅಡಗಿ ಕಟ್ಟಿಗೆ ಯಾವ ಬಣ್ಣ ಅಂತ ಅವನು ಎಲ್ಲೂ ಹೇಳಿಲ್ಲ,” ಎಂದು ಅದನ್ನೂ ಪಕ್ಕಕ್ಕೆ ಸರಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಗೆದ್ದು ಬರುತ್ತಿದ್ದೆ. ನಿಲ್ಲಿಸಲಿಲ್ಲ. ಇನ್ನೂ ಒಂದು ಬ್ರಹ್ಮಾಸ್ತ್ರ ಉಳಿದಿತ್ತು. “ಅದೆಲ್ಲಾ ಇರ್ಲಿ. ಇದರ ಮ್ಯಾಲ ಜ್ವಾಳದ ರೊಟ್ಟಿ ಬಡಿಯಾಕ ಬರತೈತೇನ್ರಿ?” ಎಂದು ಅಂಗಡಿಗೆಲ್ಲ ಕೇಳುವಂತೆ ಕೇಳಿದೆ.

ಇಲ್ಲಿ ನಿಮ್ಮ ಮುಂದೆ ಒಂದು ವಿಷಯ ಒಪ್ಪಿಕೊಳ್ಳಬೇಕು. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ನಮ್ಮ ಮನೆಯಲ್ಲಿ ಹದಿನಾಲ್ಕು ವರ್ಷಗಳಿಂದ ರೊಟ್ಟಿ ಬಡಿಯುತ್ತಿರುವವಳು ಗಂಗವ್ವ. ಮುಗದ ಎಂಬ ಹಳ್ಳಿಯ ಕಡೆಯವಳು, ಈಗ ಹುಬ್ಬಳ್ಳಿಯಲ್ಲೇ ಇದ್ದಾಳೆ. ಬೆಳಿಗ್ಗೆ ನಮ್ಮ ಭಾಗದ ಐದು ಮನೆಗಳಲ್ಲಿ ರೊಟ್ಟಿ ಬಡಿದು ಹೋಗುತ್ತಾಳೆ. ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಅವಳು ಬಡಿದಿಟ್ಟ ರೊಟ್ಟಿಯನ್ನು ಡಬ್ಬಿಗೆ ಹಾಕಿಕೊಳ್ಳುತ್ತೇನೆ. ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆದಾಗ “ಎಷ್ಟ್ ತೆಳ್ಳಗ ಬಡದೀರಿ ಟೀಚರ್!” ಎಂದು ಯಾರಾದರೂ ಅಂದರೆ, ಬಾಯಿತುಂಬ ರೊಟ್ಟಿ ಇರುವುದರಿಂದ ನಾನು ಉತ್ತರ ಕೊಡುವುದಿಲ್ಲ. ಜೋಳದ ಸೀಮೆಯ ಹೆಣ್ಣುಮಗಳಾಗಿ ರೊಟ್ಟಿ ಬರುವುದಿಲ್ಲ ಎಂದು ಹೇಳುವುದಕ್ಕಿಂತ ಕನ್ನಡ ಬರುವುದಿಲ್ಲ ಎನ್ನುವುದು ವಾಸಿ. ಈ ಗುಟ್ಟು ಗೊತ್ತಿದ್ದವರು ಇಬ್ಬರೇ, ಗಂಗವ್ವ ಮತ್ತು ನಮ್ಮವರು.

ಸಾಹೇಬರು ಕಂಗೆಡಲಿಲ್ಲ. “ದಿನಾ ಒಬ್ಬರಾದ್ರೂ ಇದನ್ನ ಕೇಳ್ತಾರ್ರಿ ಮೇಡಂ,” ಎನ್ನುತ್ತ ಮೇಜಿನ ಕೆಳಗಿನಿಂದ ಒಂದು ಡಬ್ಬಿ ತೆಗೆದರು. ಒಳಗೆ ಜೋಳದ ಹಿಟ್ಟು! ಚಹಾ ಕಾಸುವ ಕಿಟಲಿಯಲ್ಲಿ ಬಿಸಿನೀರು ಸಿದ್ಧ, ಹಿಟ್ಟು ನಾದಲು ಪರಾತವೂ ಇತ್ತು. “ನೀವ ಒಂದು ಬಡದ ನೋಡ್ರಿ,” ಎಂದು ಮಾದರಿಗೆಂದು ಹಾಕಿಟ್ಟಿದ್ದ ಕ್ವಾರ್ಟ್ಜ್ ಕಟ್ಟೆಯನ್ನು ತೋರಿಸಿದರು. ಗಿರಾಕಿಗಳಾಗಿ ಬಂದಿದ್ದ ಒಂದು ಹೊಸ ಜೋಡಿಯೂ ಕುತೂಹಲದಿಂದ ಹತ್ತಿರ ಬಂದು ನಿಂತಿತು. ನಮ್ಮವರು ಛಾವಣಿಯಲ್ಲಿ ಏನನ್ನೋ ಹುಡುಕುತ್ತಿದ್ದರು. ಹಿಂದೆ ಸರಿಯುವಂತಿರಲಿಲ್ಲ. ಕೈ ತೊಳೆದು, ಸೆರಗು ಸಿಕ್ಕಿಸಿ, ಗಂಗವ್ವ ಮಾಡುವುದನ್ನು ನೆನೆದುಕೊಂಡು ಹಿಟ್ಟು ನಾದಿ, ಉಂಡೆ ಮಾಡಿ, ಒಣ ಹಿಟ್ಟು ಉದುರಿಸಿ ತಟ್ಟತೊಡಗಿದೆ. ಅವಳ ಅಂಗೈ ಕೆಳಗೆ ರೊಟ್ಟಿ ತಾನಾಗಿ ತಿರುಗುತ್ತದೆ. ನನ್ನ ಅಂಗೈ ಕೆಳಗೆ ಅದು ಧರಣಿ ಕೂತಿತು. ತಟ್ಟೆಯಷ್ಟು ಅಗಲವಾಗುವಷ್ಟರಲ್ಲಿ ಅಂಚೆಲ್ಲ ಸೀಳಿ, ನಡುವೆ ಕಲ್ಲಿಗೆ ಹತ್ತಿ, ಎತ್ತಲು ಹೋದರೆ ಮೂರು ಪಾಲಾಯಿತು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆ ಕ್ಷಣ ನಿಜ ಹೇಳಬಹುದಿತ್ತು. ನಾನು ಮಾಡಿದ್ದು ಬೇರೆ. ಮೂರನೆಯ ತುಂಡನ್ನು ಬೆರಳ ತುದಿಯಿಂದ ಎತ್ತಿ ಹಿಡಿದು, “ನೋಡಿದ್ರಿ? ಇದಕ್ಕ ನಾ ಕೇಳಿದ್ದು. ಕಲ್ಲು ಹಿಟ್ಟ ಹಿಡೀತೈತಿ,” ಎಂದೆ. ಹೊಸ ಜೋಡಿಯ ಹೆಣ್ಣುಮಗಳು ಗಂಡನ ತೋಳು ಎಳೆದು, “ನಡೀರಿ, ಗ್ರಾನೈಟ್ ನೋಡೂಣು. ಇಷ್ಟು ವರ್ಷ ರೊಟ್ಟಿ ಬಡದವರ ಹೇಳಾಕತ್ತಾರ,” ಎಂದಳು. ಇಬ್ಬರೂ ಹೊರಟುಹೋದರು. ಸಾಹೇಬರ ಮುಖ ಸಣ್ಣದಾಯಿತು. ಅವರು ಕಲ್ಲಿನ ಮೇಲಿನ ಹಿಟ್ಟನ್ನು ತಾವೇ ಕೆರೆದು ತೆಗೆಯತೊಡಗಿದಾಗ ನನಗೆ ನಿಜವಾಗಿ ನಾಚಿಕೆಯಾಯಿತು. ಕಾರಿನಲ್ಲಿ ಕೂತ ಮೇಲೆ ನಮ್ಮವರು ಒಂದೇ ಮಾತು ಆಡಿದರು: “ಪಾಪ, ಆ ಮನಷ್ಯಾಂದು ಏನ್ ತಪ್ಪಿತ್ತು?”

ಮರುದಿನ ಅವರು ಗಂಗವ್ವನಿಗೆ ಎಲ್ಲವನ್ನೂ ಹೇಳಿಬಿಟ್ಟರು. ಅವಳು ನಗಲಿಲ್ಲ. “ಕಲ್ಲು ನಾ ನೋಡತೇನ್ರಿ ಅಕ್ಕೋರ. ಕಟ್ಟಿ ಮುಂದ ದಿನಾ ನಿಂದರಾಕಿ ನಾನ ಅಲ್ಲೇನ್ರಿ?” ಎಂದಳು. ಹನ್ನೊಂದು ಬಿಳಿಗಳ ನಡುವೆ ಪರದಾಡಿದ ನಮಗಿಬ್ಬರಿಗೂ ಆ ಮಾತು ಹೊಳೆದೇ ಇರಲಿಲ್ಲ. ಮುಂದಿನ ರವಿವಾರ ಅವಳನ್ನು ಕರೆದುಕೊಂಡು ಹೋದೆವು. ಪರರ ಹಿಟ್ಟಿಗೆ ಕೈ ಹಚ್ಚುವುದಿಲ್ಲವೆಂದು ನಮ್ಮ ಮನೆಯ ಹಿಟ್ಟನ್ನೇ ಕಟ್ಟಿಕೊಂಡು ಬಂದಿದ್ದಳು. ನನ್ನನ್ನು ಕಂಡದ್ದೇ ಸಾಹೇಬರು ಮೇಜಿನ ಹಿಂದೆ ಸ್ವಲ್ಪ ಸರಿದರೆಂದು ಕಾಣುತ್ತದೆ.

ಗಂಗವ್ವ ಬಣ್ಣದ ಕಡೆಗೆ ತಿರುಗಿಯೂ ನೋಡಲಿಲ್ಲ. ಮೊದಲು ಆ ಮಾದರಿ ಕಟ್ಟೆಗೆ ಸೊಂಟ ತಾಗಿಸಿ ನಿಂತು, “ಇದೂ ನಮ್ಮ ಮನಿ ಕಟ್ಟಿಯಷ್ಟ ಎತ್ತರ ಆತ್ರಿ. ಮೂರು ಬೆರಳು ಇಳಸಬೇಕು. ತೋಳು ನೋಯ್ತಾವ,” ಎಂದಳು. ಹಳೆಯ ಕಟ್ಟೆಯ ಮುಂದೆ ಹದಿನಾಲ್ಕು ವರ್ಷ ಅವಳ ತೋಳು ನೋಯುತ್ತಿತ್ತೇ ಎಂದು ನಾನು ಎಂದೂ ಕೇಳಿರಲಿಲ್ಲ. ಆಮೇಲೆ ಬಡಿದಳು. ಟಪ ಟಪ ಎಂದು ರೊಟ್ಟಿ ಅಗಲವಾಗುತ್ತ, ತಿರುಗುತ್ತ, ಹುಣ್ಣಿಮೆ ಚಂದ್ರನಂತೆ ಎದ್ದು ಅವಳ ಎರಡೂ ಕೈ ಮೇಲೆ ಬಂದಿತು. “ಕಲ್ಲು ಛಲೋ ಐತ್ರಿ. ಆದ್ರ ಬಿಳೇದು ಬ್ಯಾಡ. ಬಿಳೇ ಕಲ್ಲಿನ ಮ್ಯಾಲ ಹಿಟ್ಟು ಕಾಣಂಗಿಲ್ಲ, ಎಲ್ಲಿ ಒರಸೇನಿ ಎಲ್ಲಿ ಬಿಟ್ಟೇನಿ ತಿಳಿಯಂಗಿಲ್ಲ. ಕರೇದು ಕೊಡ್ರಿ,” ಎಂದಳು. ನಮ್ಮವರ ಆಳವೆಲ್ಲ ಆ ಒಂದು ಮಾತಿನಲ್ಲಿ ಮುಳುಗಿಹೋಯಿತು.

ಸಾಹೇಬರ ಮುಖ ಅರಳಿತು, ಮರುಕ್ಷಣ ಅನುಮಾನವೂ ಬಂತು. “ಮತ್ತ ಅವತ್ತ ಮೇಡಮ್ಮಾರ ರೊಟ್ಟಿ ಯಾಕ ಹರೀತು?” ಗಂಗವ್ವ ನನ್ನ ಕಡೆ ಒಮ್ಮೆ ನೋಡಿ, “ನಿಮ್ಮ ಹಿಟ್ಟು ಹಳೇದಿರಬೇಕ್ರಿ ಸಾಹೇಬ್ರ,” ಎಂದಳು. “ತಪ್ಪಾತ್ರಿ ಮೇಡಂ, ಹೊಸಾದು ತರಸಬೇಕಿತ್ತು,” ಎಂದು ಆ ಸಜ್ಜನರು ನನಗೆ ಕೈ ಮುಗಿದರು. ನಾನೋ, “ಇರ್ಲಿ ಬಿಡ್ರಿ, ಆಗತೈತಿ,” ಎಂದು ಅವರನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿದೆ! ಹೊರಗೆ ಬಂದ ಮೇಲೆ ಗಂಗವ್ವ, “ಇದೊಂದ ಸಲ ರೀ ಅಕ್ಕೋರ. ಮತ್ತ ನನ್ನ ಕಡಿಂದ ಸುಳ್ಳು ಹೇಳಸಬ್ಯಾಡ್ರಿ,” ಎಂದಳು. ಆ ಮಾತು ಶಾಲೆಯಲ್ಲಿ ನಾನು ಮಕ್ಕಳಿಗೆ ಹೇಳುವ ಧಾಟಿಯಲ್ಲೇ ಇತ್ತು. ಆಯಿತು ಎಂದು ತಲೆಯಾಡಿಸಿದೆ.

ಕಪ್ಪು ಕಲ್ಲು ಬಂತು, ಕಟ್ಟೆ ಮೂರು ಬೆರಳು ಇಳಿಯಿತು. ಮೊನ್ನೆ ರವಿವಾರ ಶಾಲೆಯ ನಾಲ್ವರು ಶಿಕ್ಷಕಿಯರು ಮನೆಗೆ ಬಂದಿದ್ದರು. ಒಳಗೆ ಗಂಗವ್ವ ರೊಟ್ಟಿ ಬಡಿಯುತ್ತಿದ್ದಳು, ನಾವು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆವು. ತಾನೂ ಅಡುಗೆಮನೆ ಹೊಸದು ಮಾಡಿಸಬೇಕೆಂದಿದ್ದ ಒಬ್ಬಳು, “ಟೀಚರ್, ಕ್ವಾರ್ಟ್ಜ್ ಮ್ಯಾಲ ರೊಟ್ಟಿ ಬಡಿಯಾಕ ಬರತೈತೇನ್ರಿ?” ಎಂದು ಕೇಳಿದಳು. ನಾಲಿಗೆ ತಡೆಯಲಿಲ್ಲ. “ಏನೂ ತ್ರಾಸಿಲ್ಲ. ಅಂಥಾ ಕಲ್ಲು ಮತ್ತೊಂದಿಲ್ಲ. ನಾನ ಖುದ್ದ ಅಂಗಡ್ಯಾಗ ಬಡದು ನೋಡೇನಿ,” ಎಂದೆ. ಒಂದೊಂದು ಅಕ್ಷರವೂ ನಿಜ. ಒಳಗಿನ ಸದ್ದು ನಿಂತಿತು. ನಮ್ಮವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಗಂಗವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

“ಹೌದ್ರಿ, ಬಡದಾರ,” ಎಂದಳು ಅವರಿಗೆ. ಆಮೇಲೆ ನನಗೆ, “ಬರ್ರಿ ಅಕ್ಕೋರ, ಇವರಿಗೂ ಒಂದು ಬಡದ ತೋರಸ್ರಿ. ಹಿಟ್ಟು ನಾದಿ ಇಟ್ಟೇನಿ.”

ನಾಲ್ವರೂ ಸಂಭ್ರಮದಿಂದ ಎದ್ದರು. ನಾನೂ ಎದ್ದೆ. ಈ ಸಲ ಕಲ್ಲಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ, ಅದನ್ನು ಹೊಗಳಿ ಇನ್ನೂ ಒಂದು ನಿಮಿಷವೂ ಆಗಿರಲಿಲ್ಲ.