ದೋಹಾದಲ್ಲಿ ನಾನು ಹುಡುಕಿದ ಗುಡ್ಡೆ

ಕತಾರಿನಲ್ಲಿ ಗುಡ್ಡೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಆದರೆ ಹದಿನೆಂಟು ವರ್ಷ ಇಲ್ಲಿ ನೀರೆತ್ತುವ ಪಂಪು ಮಾರಿದ ಅನುಭವಸ್ಥನೊಬ್ಬ ಮನಸ್ಸು ಮಾಡಿದರೆ ಒಂದು ಸಣ್ಣ ಗುಡ್ಡೆಯಾದರೂ ಸಿಗದೆ ಇರಲಿಕ್ಕಿಲ್ಲ ಎಂಬ ಧೈರ್ಯವೂ ಇತ್ತು.

ಗುಡ್ಡೆ ಬೇಕಾಗಿದ್ದದ್ದು ನನ್ನ ಹೆಂಡತಿ ಶಾಲಿನಿಗೆ. ಅವಳು ಹುಟ್ಟಿ ಬೆಳೆದದ್ದು ಮಂಗಳೂರಿನ ಒಂದು ಗುಡ್ಡೆಯ ಮೇಲೆ, ಅವಳ ಅಪ್ಪ ಅರವತ್ತರ ದಶಕದಲ್ಲಿ ಕಟ್ಟಿಸಿದ ಮನೆಯಲ್ಲಿ. ಆಗಿನ ಹೊಸ ಫ್ಯಾಷನ್ನಿನ ಮನೆ: ಹೆಂಚಿಲ್ಲದ ಚಪ್ಪಟೆ ತಾರಸಿ, ಗಾಳಿಯಾಡಲು ತೂತು ಬಿಟ್ಟ ಜಾಲಿ ಗೋಡೆ, ಗೋಡೆಯಷ್ಟೇ ಅಗಲದ ಕಿಟಕಿ, ಕಿಟಕಿಯಾಚೆ ಸಮುದ್ರ. ಮೆಟ್ಟಿಲಿಳಿದರೆ ಅಂಗಡಿ, ಇನ್ನು ನಾಲ್ಕು ಹೆಜ್ಜೆಗೆ ಗೆಳತಿಯ ಮನೆ. ಆ ಮನೆ ಈಗ ಇಲ್ಲ. ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ದೋಹಾದ ನಮ್ಮ ಒಂಬತ್ತನೇ ಮಹಡಿಯ ಕಿಟಕಿಯಿಂದ ಎದುರಿನ ಕಟ್ಟಡದ ಏಸಿಗಳು ಮಾತ್ರ ಕಾಣುತ್ತಿದ್ದವು.

ಒಂದು ದಿನ ಅವಳು ಆ ಏಸಿಗಳನ್ನು ಎಣಿಸಿ ಮುಗಿಸಿ, ಶಾಂತವಾಗಿ ಹೇಳಿದಳು: "ನನಗೆ ಸಾಕಾಯ್ತು ಮಾರಾಯ್ರೆ. ಮಾತಾಡ್ಲಿಕ್ಕೆ ಒಂದು ಜನ ಇಲ್ಲ, ನೋಡ್ಲಿಕ್ಕೆ ಒಂದು ಮರ ಇಲ್ಲ. ಮಾರ್ಚಿನಲ್ಲಿ ಊರಿಗೆ ಹೋದ್ರೆ ನಾನು ವಾಪಸ್ ಬರುವುದಿಲ್ಲ."

ಜಗಳವಾಡಿದ್ದರೆ ನಾನು ಹೆದರುತ್ತಿರಲಿಲ್ಲ. ಶಾಂತವಾಗಿ ಹೇಳಿದ್ದರಿಂದ ಹೆದರಿದೆ.

ಮನೆ ದಲ್ಲಾಳಿ ಅಶ್ರಫ್ ನಮ್ಮ ಕಡೆಯವನೇ, ಉಪ್ಪಿನಂಗಡಿಯವನು. ನನ್ನ ಬೇಡಿಕೆ ಕೇಳಿ ಕಾರಿನ ಬ್ರೇಕ್ ಹಾಕಿದ.

"ಶೆಟ್ರೇ, ಇಲ್ಲಿ ಎಂತ ಗುಡ್ಡೆ? ಇಲ್ಲಿ ಎತ್ತರ ಅಂತ ಇರುವುದು ರಸ್ತೆಯ ಹಂಪ್ ಮಾತ್ರ."

"ಗುಡ್ಡೆ ಬೇಡ ಮಾರಾಯ, ಸ್ವಲ್ಪ ಇಳಿಜಾರು ಸಾಕು. ಹಳೇ ಮಾದರಿಯ ಮನೆ, ನಡೆದು ಹೋಗುವಷ್ಟು ಹತ್ತಿರ ಅಂಗಡಿ."

ಎರಡು ವಾರ ಸುತ್ತಿದ ಮೇಲೆ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಒಂದು ಒಳಬೀದಿಯಲ್ಲಿ ಆ ಮನೆ ಸಿಕ್ಕಿತು. ಅಲ್ಲಿಯೂ ಚಪ್ಪಟೆ ತಾರಸಿ, ಜಾಲಿ ಗೋಡೆ, ಅಗಲ ಕಿಟಕಿ. ತಾರಸಿ ಹತ್ತಿದರೆ ದೂರದಲ್ಲಿ ವಿಮಾನ ಇಳಿಯುವುದು ಕಾಣುತ್ತಿತ್ತು. ಇಳಿಜಾರು ಮಾತ್ರ ಕಣ್ಣಿಗೆ ಬೀಳಲಿಲ್ಲ.

ನಾನು ವೈಜ್ಞಾನಿಕ ಪರೀಕ್ಷೆಗೆ ಮುಂದಾದೆ. ಬೀದಿಯ ಮೂಲೆಯ ಅಂಗಡಿಯಿಂದ ಒಂದು ಲಿಂಬೆಹಣ್ಣು ಕೊಂಡು ಅಲ್ಲೇ ಡಾಂಬರಿನ ಮೇಲಿಟ್ಟು ಕೈ ಬಿಟ್ಟೆ. ಅದು ಕ್ಷಣಕಾಲ ಯೋಚಿಸಿತು. ಆಮೇಲೆ ಮೆಲ್ಲಗೆ ಉರುಳತೊಡಗಿತು, ವೇಗ ಪಡೆಯಿತು, ನಾಲ್ಕು ಮನೆ ದಾಟಿ, ನಾವು ನೋಡಿದ ಮನೆಯ ಗೇಟಿನಡಿ ನುಸುಳಿ, ಮೆಟ್ಟಿಲಿಗೆ ತಾಗಿ ನಿಂತಿತು.

"ನೋಡಿದ್ಯಾ? ಇಳಿಜಾರು ಉಂಟು!"

ಅಶ್ರಫ್ ಲಿಂಬೆಯನ್ನು ನೋಡಿದ, ಗೇಟನ್ನು ನೋಡಿದ, ಏನೋ ಹೇಳಲು ಬಾಯಿ ತೆರೆದ. "ಯಲ್ಲಾ, ನಡಿ, ಅಗ್ರಿಮೆಂಟ್ ಮಾಡುವ" ಎಂದೆ. ಅವನು ಬಾಯಿ ಮುಚ್ಚಿದ.

ಇಳಿಜಾರು ಇದೆ ಎಂದು ಸಾಧಿಸಿ ತೋರಿಸಿದ ನಾನು, ಮನೆ ಅದರ ಯಾವ ತುದಿಯಲ್ಲಿದೆ ಎಂದು ಕೇಳಿಕೊಳ್ಳಲಿಲ್ಲ.

ಶಾಲಿನಿ ಹೊಸ ಮನೆಯ ಜಾಲಿಯ ಮೇಲೆ ಕೈಯಾಡಿಸಿ, "ಅಪ್ಪನ ಮನೆಯದ್ದರ ಹಾಗೇ ಉಂಟಲ್ಲ" ಎಂದಳು. ನಾನು ಎದೆಯುಬ್ಬಿಸಿದೆ. ಆದರೆ ಊರಿನ ಟಿಕೆಟ್ಟಿನ ವಿಷಯ ಅವಳೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಮಳೆ ಬಂತು. ಇಲ್ಲಿ ಮಳೆ ಅಪರೂಪ; ಬಂದರೆ ನಮ್ಮ ಕಂಪನಿಗೆ ಹಬ್ಬ. ಹತ್ತೂವರೆಯೊಳಗೆ ಗೋಡೌನಿನ ಕೊನೆಯ ಪಂಪನ್ನೂ ಮಾರಿ ನಾನು ಬೀಗುತ್ತಿದ್ದಾಗ ಶಾಲಿನಿಯ ಫೋನ್ ಬಂತು.

"ನಿಮ್ಮ ಇಳಿಜಾರು ಮನೆಗೆ ಬಂದಿದೆ."

"ಎಂತ?"

"ಇಡೀ ಬೀದಿಯ ನೀರು ನಮ್ಮ ಅಂಗಳದಲ್ಲುಂಟು. ಒಂದು ಪಂಪು ಹಿಡ್ಕೊಂಡು ಬನ್ನಿ."

ನಾನು ಶೋರೂಮಿನ ಸುತ್ತ ಕಣ್ಣಾಡಿಸಿದೆ. ಉಳಿದಿದ್ದದ್ದು ಒಂದೇ ಪಂಪು. ಒಳಗಿನ ಭಾಗಗಳು ಗಿರಾಕಿಗಳಿಗೆ ಕಾಣಲೆಂದು ಅದನ್ನು ಅರ್ಧಕ್ಕೆ ಕೊಯ್ದು ಇಡಲಾಗಿತ್ತು.

ಬಕೆಟ್ ಹಿಡಿದು ಮನೆಗೆ ಹೋದೆ.

ಅಂಗಳದಲ್ಲಿ ಮೊಣಕಾಲುದ್ದ ನೀರು. ಅದರ ಮೇಲೆ ಬೀದಿಯ ಸಮಸ್ತ ಚಪ್ಪಲಿಗಳು, ಎರಡು ಫುಟ್‌ಬಾಲು, ಒಂದು ಪ್ಲಾಸ್ಟಿಕ್ ಕುರ್ಚಿ ತೇಲುತ್ತಿದ್ದವು. ಶಾಲಿನಿ ಮೇಲಿನ ಮೆಟ್ಟಿಲಲ್ಲಿ ನಿಂತು, ಪೊರಕೆಯ ಹಿಡಿಯಿಂದ ಒಂದೊಂದನ್ನೇ ಎಳೆದು ಜಾಲಿಯ ಎದುರು ಸಾಲಾಗಿ ಜೋಡಿಸುತ್ತಿದ್ದಳು. ವಾರಸುದಾರರು ಒಬ್ಬೊಬ್ಬರಾಗಿ ನಡೆದು ಬರುತ್ತಿದ್ದರು. ಅಲ್ಲಿಯವರೆಗೆ ಆ ಬೀದಿಯಲ್ಲಿ ಯಾರೂ ನಡೆದದ್ದನ್ನು ನಾನು ನೋಡಿರಲಿಲ್ಲ.

ಬೀದಿಯ ಮೇಲ್ತುದಿಯ ರಂಗನಾಥ್ ಮೈಸೂರಿನವರು. ಹೆಂಡತಿ ಮಂಜುಳಾ ಜೊತೆ ಕೊಡೆ ಹಿಡಿದು ಗೇಟಿನ ಬಳಿ ಬಂದು ಬಹಳ ಸಂಕೋಚದಿಂದ ಕೇಳಿದರು: "ಸಾರ್, ನಮ್ಮನೆ ಎಡಗಾಲಿನ ಚಪ್ಪಲಿ ಏನಾದ್ರೂ ಈ ಕಡೆ ಬಂತಾ?"

"ಕಂದು ಬಣ್ಣದ್ದಾ?" ಶಾಲಿನಿ ಕೇಳಿದಳು.

"ಹೂಂ ಮೇಡಂ, ಅದೇ."

ಗೃಹಸ್ಥನಾಗಿ ನಾನೂ ಏನಾದರೂ ಮಾಡಬೇಕಲ್ಲ. ನೀರಿಗಿಳಿದು ಬಕೆಟ್ ತುಂಬಿಸಿ, ಗೇಟಿನಾಚೆ ಚೆಲ್ಲಿದೆ. ಅದು ಇಳಿಜಾರಿನಲ್ಲಿ ಶಿಸ್ತಾಗಿ ಹಿಂದಕ್ಕೆ ಬಂತು. ಹತ್ತನೇ ಬಕೆಟ್ಟಿಗೆ ಕಾಲು ಜಾರಿ, ನೆರೆದವರ ಸಮಕ್ಷಮದಲ್ಲಿ ಎದೆಮಟ್ಟದ ನೀರಲ್ಲಿ ಕುಳಿತುಬಿಟ್ಟೆ.

ಶಾಲಿನಿ ನಕ್ಕಳು. ಪೊರಕೆ ಕೆಳಗಿಟ್ಟು, ಗೋಡೆ ಹಿಡಿದುಕೊಂಡು ನಕ್ಕಳು. ಎಷ್ಟೋ ತಿಂಗಳಿಂದ ನಾನು ಕೇಳದ ನಗು ಅದು. ಏಳಬೇಕೆನಿಸದೆ ಅಲ್ಲೇ ಇನ್ನೂ ಸ್ವಲ್ಪ ಹೊತ್ತು ಕುಳಿತೆ.

ಮಧ್ಯಾಹ್ನ ಚಪ್ಪಲಿಗೆಂದು ಬಂದವರಿಗೆಲ್ಲ ಚಹಾ, ಗೋಳಿಬಜೆ ಆಯಿತು. ಸಂಜೆ ಟ್ಯಾಂಕರ್ ಬಂದು ನೀರು ಎಳೆದುಕೊಂಡು ಹೋಯಿತು. ನೆಲ ಒರೆಸುತ್ತಾ ಶಾಲಿನಿ ಹೇಳಿದಳು: "ಮಾರ್ಚಿಗೆ ಹೋಗಿ ಬರುವ ಟಿಕೆಟ್ ಮಾಡಿ. ಮೂರೇ ವಾರ ಸಾಕು. ಮಂಜುಳಾ ದಿನಾ ಸಂಜೆ ವಾಕಿಂಗಿಗೆ ಕರೆದಿದ್ದಾರೆ."

"ನೋಡು, ಮನೆ ಹುಡುಕಿದ್ದು ಯಾರು?" ಎಂದೆ.

"ಸುಮ್ನೆ ಬಟ್ಟೆ ಹಿಂಡಿ" ಎಂದಳು.

ಈಗ ನಮ್ಮ ಬೀದಿಯಲ್ಲಿ ಯಾರೂ ಹವಾಮಾನ ವರದಿ ನೋಡುವುದಿಲ್ಲ. ಮೋಡ ಕಟ್ಟಿ ನಾಲ್ಕು ಹನಿ ಬಿದ್ದರೆ ನನಗೆ ಫೋನ್ ಮಾಡುತ್ತಾರೆ. "ಶೆಟ್ರೇ, ನೀರು ಎಲ್ಲಿವರೆಗೆ ಬಂತು?" ನಾನು ಪ್ಯಾಂಟು ಮಡಚಿ ಅಂಗಳಕ್ಕಿಳಿದು, ನಿಂತು ನೋಡಿ, ಪ್ರಾಮಾಣಿಕವಾಗಿ ವರದಿ ಒಪ್ಪಿಸುತ್ತೇನೆ: "ಸದ್ಯ ಹಿಮ್ಮಡಿ."