ಕೊಟ್ರಬಸಪ್ಪ ಮೇಷ್ಟ್ರ ಕಿವಿಯಂತ್ರ

"ಇದನ್ನ ಹಾಕ್ಕೊಂಡ್ರೆ ಇರುವೆ ನಡೆಯೋ ಸದ್ದೂ ಕೇಳಸ್ತೈತಿ ತಿಪ್ಪೇಸ್ವಾಮಿ!" ಎಂದು ಕೊಟ್ರಬಸಪ್ಪ ಮೇಷ್ಟ್ರು ತಮ್ಮ ಹೊಸ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಾಗ, ನನ್ನ ಕಣ್ಣಿಗೆ ಮೊದಲು ಬಿದ್ದದ್ದು ನನ್ನ ಜರಡಿ.

ದಾವಣಗೆರೆಯಲ್ಲಿ ನನ್ನದೊಂದು ಮಂಡಕ್ಕಿ ಭಟ್ಟಿ ಇದೆ. ಕಾದ ಮರಳಿನಲ್ಲಿ ಅಕ್ಕಿ ಹುರಿದ ಮೇಲೆ ಮರಳನ್ನೂ ಮಂಡಕ್ಕಿಯನ್ನೂ ಬೇರೆ ಮಾಡಲು ತಗಡಿನ ಜರಡಿ ಬೇಕು. ಅದು ಕಾಣೆಯಾಗಿ ಒಂದು ವಾರವಾಗಿತ್ತು. ಭಟ್ಟಿಯ ಆಳುಗಳನ್ನೆಲ್ಲ ಸರದಿಯ ಮೇಲೆ ಬೈದು ಮುಗಿಸಿದ್ದೆ. ಅದೀಗ ದುಂಡಗಿನ ಬಿಲ್ಲೆಗಳಾಗಿ ಕತ್ತರಿಸಿಕೊಂಡು ಮೇಷ್ಟ್ರ ಕೈಯಲ್ಲಿತ್ತು. ಕೇಳಿದರೆ ಅವರಿಗೇ ಬೇಸರ! ವಿಜ್ಞಾನಕ್ಕೆ ಒಂದು ಜರಡಿ ಕೊಡಲಾರದ ಜನ ಇರುವುದರಿಂದಲೇ ದೇಶ ಹಿಂದುಳಿದಿದೆಯಂತೆ.

ಮೇಷ್ಟ್ರು ನಮ್ಮ ಪಕ್ಕದ ಮನೆಯವರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ತಮ್ಮ ಕಿವಿಯಷ್ಟು ಸೂಕ್ಷ್ಮವಾದ ಕಿವಿ ಜಿಲ್ಲೆಯಲ್ಲೇ ಇಲ್ಲ ಎಂಬುದು ಅವರ ನಂಬಿಕೆ. ಯಾವ ಹಾಡು ಹಾಕಿದರೂ ಮುಖ ಹಿಂಡಿ, ತಂಬೂರಿಯ ಮೂರನೇ ತಂತಿ ಸಡಿಲವಾಗಿದೆ ಎನ್ನುವರು. ಮಾರುಕಟ್ಟೆಯ ಹೆಡ್‌ಫೋನುಗಳು ಆ ಕಿವಿಗೆ ತಕ್ಕವಲ್ಲವಾದ್ದರಿಂದ ಮನೆಯಲ್ಲೇ ಒಂದನ್ನು ಮಾಡಿಕೊಂಡಿದ್ದರು. ಸೀರೆ ಡಬ್ಬಿಯ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಗೆ ಪೆನ್ಸಿಲ್ ಸೀಸ ಉಜ್ಜಿ, ಅದನ್ನು ಎರಡು ತೂತಿನ ಬಿಲ್ಲೆಗಳ ನಡುವೆ ಬಿಗಿದು, ಹಾಳೆಗೆ ಸಾವಿರಾರು ವೋಲ್ಟಿನ ಸ್ಥಿರ ವಿದ್ಯುತ್ತು ತುಂಬುವುದು. ಬಿಲ್ಲೆಗಳಿಗೆ ಹಾಡಿನ ವಿದ್ಯುತ್ತು ಕೊಟ್ಟರೆ ಹಾಳೆ ನಡುಗಿ ಹಾಡುತ್ತದೆ. ಬಾಚಣಿಗೆಯನ್ನು ತಲೆಗೆ ತಿಕ್ಕಿ ಕಾಗದದ ಚೂರು ಎತ್ತುವ ಮಕ್ಕಳಾಟವಿದೆಯಲ್ಲ, ಅದೇ ವಿದ್ಯೆ. ಮೇಷ್ಟ್ರ ಕೈಗೆ ಸಿಕ್ಕಿತ್ತು, ಅಷ್ಟೆ.

ಸಾವಿರಾರು ವೋಲ್ಟು ಎಲ್ಲಿಂದ ಬಂತು ಎಂಬುದು ಅವರ ಹೆಂಡತಿ ದಾನಮ್ಮಕ್ಕ ಮಂಡಕ್ಕಿ ತಟ್ಟೆ ಹಿಡಿದು ಪಡಸಾಲೆಗೆ ಬಂದಾಗ ತಿಳಿಯಿತು.

"ನಮ್ಮಪ್ಪ ಮದುವಿಗೆ ಕೊಟ್ಟ ರೇಡಿಯೋ ಎಲ್ಲಿ?" ಎಂದರು ಆಕೆ.

"ಐತಲ್ಲ. ಈಗ ನನ್ನ ತಲೆ ಮೇಲೆ ಐತಿ," ಎಂದರು ಮೇಷ್ಟ್ರು.

ದಾನಮ್ಮಕ್ಕ ತಟ್ಟೆಯನ್ನು ಕೆಳಗಿಟ್ಟು ಗೋಡೆಗೆ ಒರಗಿದರು. ಕಾರಣವಿತ್ತು. ನಮ್ಮ ಓಣಿಯ ಯಾವ ಮದುವೆಯೂ ದಾನಮ್ಮಕ್ಕನ ಸೋಬಾನೆ ಪದವಿಲ್ಲದೆ ಆದದ್ದಿಲ್ಲ. ಆಕಾಶವಾಣಿಯವರು ಬಂದು ಆ ಪದವನ್ನು ಧ್ವನಿಮುದ್ರಿಸಿಕೊಂಡು ಹೋಗಿದ್ದರು. ಭಾನುವಾರ ಬೆಳಿಗ್ಗೆ ಅದರ ಪ್ರಸಾರ. ಓಣಿಯ ಹೆಂಗಸರೆಲ್ಲ ತಾವೇ ಹಾಡಿದವರ ಹಾಗೆ ಬೀಗುತ್ತಿದ್ದರು. ಹಾಡು ಗಾಳಿಯಲ್ಲಿ ಬರುವುದು ಒಂದೇ ಸಲ. ಮತ್ತೆ ಹಾಕಿ ಎಂದು ಕೇಳುವಂತಿರಲಿಲ್ಲ.

ಬೇರೆ ಮನೆಗಳಲ್ಲಿ ರೇಡಿಯೋ ಇರಲಿಲ್ಲವೇ ಎನ್ನಬೇಡಿ. ಇದ್ದವು. ರಿಪೇರಿ ಮಾಡಿಕೊಡುತ್ತೇನೆಂದು ಮೇಷ್ಟ್ರು ಅವನ್ನೆಲ್ಲ ಒಂದೊಂದಾಗಿ ಇಸಿದುಕೊಂಡು ಹೋಗಿದ್ದರು. ನನ್ನದೂ ಹೋಗಿತ್ತು. ಅಷ್ಟೂ ರೇಡಿಯೋಗಳು ಸೇರಿ ಈ ಒಂದು ಯಂತ್ರವಾಗಿದ್ದವು!

ಮೇಷ್ಟ್ರು ಸ್ವಿಚ್ಚು ಹಾಕಿದರು. ಅವರ ತಲೆಯಲ್ಲಿ ಉಳಿದಿದ್ದ ಕೂದಲೆಲ್ಲ ಎದ್ದು ನಿಂತಿತು. ಕಣ್ಣು ಮುಚ್ಚಿ, "ಆಹಾ, ಗಾಯಕರ ಉಸಿರು ಕೇಳಸ್ತೈತಿ, ಮೈಕಿನ ಮುಂದೆ ನೊಣ ಹಾರಾಡೋದು ಕೇಳಸ್ತೈತಿ," ಎಂದರು. ಹಿತ್ತಲಿಗೆ ಹೋಗಿದ್ದ ದಾನಮ್ಮಕ್ಕ ಅಲ್ಲಿಂದಲೇ ಹಾಲು ಉಕ್ಕೀತು, ಒಲೆ ಆರಿಸಿ ಎಂದು ಕೂಗುತ್ತಿದ್ದರು. ಅದೊಂದು ಕೇಳಿಸಲಿಲ್ಲ. ಹಾಲೆಲ್ಲ ಒಲೆಯ ಪಾಲಾಯಿತು.

ಅಷ್ಟರಲ್ಲಿ ತಟ್ಟೆಯ ಮಂಡಕ್ಕಿ ಒಂದೊಂದೇ ಕಾಳಾಗಿ ಎದ್ದು, ಗಾಳಿಯಲ್ಲಿ ತೇಲಿ, ಮೇಷ್ಟ್ರ ಮೀಸೆಗೆ ಹತ್ತಿಕೊಂಡಿತು. ಗೋಡೆಯ ಕ್ಯಾಲೆಂಡರು ಹಾರಿ ಬೆನ್ನಿಗೆ ಬಿತ್ತು. ಬೆಕ್ಕು ಓಡಿಹೋಗಲು ನೋಡಿತು. ನಾಲ್ಕು ಕಾಲೂ ಮುಂದಕ್ಕೆ ಓಡುತ್ತಿದ್ದರೂ ಮೈ ಮಾತ್ರ ಹಿಂದಕ್ಕೆ ಸರಿದು ಮೇಷ್ಟ್ರ ಪಂಚೆಗೆ ಅಂಟಿತು. ಬಿಡಿಸಲು ಹೋದ ನನ್ನ ಮೂಗಿನ ತುದಿಗೆ ಚಟ್ ಎಂದು ಕಿಡಿ ಹಾರಿತು. ಅದೇ ಗಳಿಗೆಗೆ ಫ್ಯೂಜ್ ಸುಟ್ಟು, ಮನೆಯ ದೀಪ, ಫ್ಯಾನು ಎಲ್ಲ ನಿಂತವು.

"ಇನ್ಮೇಲೆ ಈ ಯಂತ್ರ ನನ್ನ ಮನಿಯಾಗೆ ಬೇಡ," ಎಂದರು ದಾನಮ್ಮಕ್ಕ.

ಹೀಗಾಗಿ ಭಾನುವಾರ ಬೆಳಿಗ್ಗೆ ಅದು ನನ್ನ ಗೋದಾಮಿಗೆ ಬಂತು. ಕಷ್ಟಕ್ಕೆ ಒದಗುವುದು ನೆರೆಯವನ ಧರ್ಮ, ಆ ಧರ್ಮ ಯಾವಾಗಲೂ ನನ್ನ ಪಾಲಿಗೇ ಬರುತ್ತದೆ. ಸಂತೆಗೆ ಹೋಗಬೇಕಾದ ಮಂಡಕ್ಕಿ ಸೂರು ಮುಟ್ಟುವ ಹಾಗೆ ರಾಶಿ ಬಿದ್ದಿತ್ತು. ಅದರ ಮುಂದೆ ಮೇಷ್ಟ್ರು ಸ್ಟೂಲು ಹಾಕಿಕೊಂಡು ಕೂತರು. ಓಣಿಗೆ ಓಣಿಯೇ ಬಂದು ಚಾಪೆಯ ಮೇಲೆ ನೆರೆಯಿತು. ದಾವಣಗೆರೆಯಲ್ಲಿ ನಾಲ್ಕು ಜನ ಸೇರಿದ ಮೇಲೆ ಸುಮ್ಮನೆ ಕೂರುವುದುಂಟೆ? ನಡುವೆ ಪೇಪರು ಹಾಸಿ ಖಾರ ಮಂಡಕ್ಕಿ ಸುರಿದು, ಪಕ್ಕಕ್ಕೆ ಮಿರ್ಚಿ ಬಜ್ಜಿ ಇಟ್ಟದ್ದೂ ಆಯಿತು.

ಹೆಡ್‌ಫೋನು ಹಾಕಿಕೊಳ್ಳುವ ತಲೆ ಒಂದೇ, ಕೇಳುವವರು ಇಷ್ಟು ಜನ, ಹೇಗೆ ಎಂದು ಕೇಳಿದೆ. ಮೇಷ್ಟ್ರು ಅದನ್ನೂ ಯೋಚಿಸಿದ್ದರು. ತಾವು ಕೇಳಿ, ಹಾಡು ಹೇಗಿತ್ತು, ಎಲ್ಲೆಲ್ಲಿ ಶ್ರುತಿ ತಪ್ಪಿತು ಎಂಬುದನ್ನು ಆಮೇಲೆ ಎಲ್ಲರಿಗೂ ವಿವರಿಸುವರಂತೆ. ದಾನಮ್ಮ ಹಾಡುವಾಗ ಕೂದಲೆಳೆಯಷ್ಟು ಶ್ರುತಿ ತಪ್ಪುತ್ತದೆ ಎಂದು ಅವರು ಮದುವೆಯಾದಂದಿನಿಂದ ಹೇಳುತ್ತ ಬಂದವರು. ಒಂದು ಪದವನ್ನಾದರೂ ಕೊನೆಯವರೆಗೆ ಕೂತು ಕೇಳಿದ್ದನ್ನು ನಾನು ನೋಡಿಲ್ಲ.

ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದ ದಾನಮ್ಮಕ್ಕ ಗಂಡನ ಹತ್ತಿರ ಹೋಗಿ ಮೆಲ್ಲಗೆ ಹೇಳಿದರು: "ಇದೊಂದ್ಸಲ ಪೂರ್ತಿ ಕೇಳ್ರಿ. ತಪ್ಪು ಆಮೇಲೆ ಹುಡುಕೀರಂತೆ."

ಮೇಷ್ಟ್ರು ಆಗಲೇ ಹೆಡ್‌ಫೋನು ಏರಿಸಿಯಾಗಿತ್ತು.

ಸ್ವಿಚ್ಚು ಬಿತ್ತು. ದನಿ ಸಣ್ಣದಾಗಿದೆ ಎಂದು ಮೇಷ್ಟ್ರು ಗುಂಡಿ ತಿರುಗಿಸಿದರು. ಇನ್ನೂ ತಿರುಗಿಸಿದರು. ಆಗ ರಾಶಿಯ ತುದಿಯಿಂದ ಒಂದು ಮಂಡಕ್ಕಿ ಎದ್ದಿತು. ಅದರ ಹಿಂದೆ ಹತ್ತು, ಅದರ ಹಿಂದೆ ಚೀಲಗಟ್ಟಲೆ. ನೋಡುನೋಡುತ್ತಿದ್ದಂತೆ ಮೇಷ್ಟ್ರು ಮಾಯವಾಗಿ, ಸ್ಟೂಲಿನ ಮೇಲೆ ಆಳೆತ್ತರದ ಮಂಡಕ್ಕಿಯ ಗುಡ್ಡೆ ಕೂತಿತ್ತು. ಗುಂಡಿ ತಿರುಗಿಸುವ ಕೈಯೊಂದು ಮಾತ್ರ ಹೊರಗಿತ್ತು. ಯಂತ್ರದಿಂದ ಸೋರಿದ ವಿದ್ಯುತ್ತು ಗೋದಾಮಿನ ಒಂದೊಂದು ಕಾಳಿಗೂ ಹತ್ತಿತ್ತು. ಕಾಳುಗಳೆಲ್ಲ ಜುಮ್ಮೆಂದು ನಡುಗತೊಡಗಿದವು.

ಆಮೇಲೆ ಮಂಡಕ್ಕಿಯ ರಾಶಿ ಗಂಟಲು ಸರಿಮಾಡಿಕೊಂಡು ಮೆಕ್ಕೆಜೋಳದ ಧಾರಣೆ ಹೇಳಿತು!

ಮುದುಕಿಯೊಬ್ಬಳು ಎದ್ದು ನಿಂತು ಕೈ ಮುಗಿದಳು. ನನ್ನ ಕೈಯಲ್ಲಿದ್ದ ಹಿಡಿ ಮಂಡಕ್ಕಿಯೂ ಹತ್ತಿಯ ಧಾರಣೆ ಹೇಳುತ್ತಿತ್ತು. ಬಾಯಿಗೆ ಹಾಕಿಕೊಂಡಿದ್ದ ಒಬ್ಬಾತ ಮುಚ್ಚಿದ ಬಾಯಿಂದಲೇ ಈರುಳ್ಳಿಯ ದರ ಹೇಳಿ ಬೆಚ್ಚಿಬಿದ್ದ. ವಿದ್ಯುತ್ತೆಲ್ಲ ಸೋರಿಹೋಗಿ ಮೂಕವಾಗಿದ್ದ ಪ್ಲಾಸ್ಟಿಕ್ ಹಾಳೆ ಮಾಡಬೇಕಾದ ಕೆಲಸವನ್ನು ನನ್ನ ಗೋದಾಮಿನ ಸರಕೆಲ್ಲ ಸೇರಿ ಮಾಡುತ್ತಿತ್ತು. ಧಾರಣೆ ಮುಗಿದು, ದಾನಮ್ಮಕ್ಕನ ಹೆಸರು ಹೇಳಿ, ಮಂಡಕ್ಕಿ ಹಾಡತೊಡಗಿತು.

ಅಂಥ ಹಾಡನ್ನು ನಾನು ಕೇಳಿಲ್ಲ. ನೆಲದಿಂದ, ಸೂರಿನಿಂದ, ಅಂಗೈಯಿಂದ ದಾನಮ್ಮಕ್ಕನ ದನಿ ಬರುತ್ತಿತ್ತು. ಬೀದಿಯಲ್ಲಿ ಹೋಗುತ್ತಿದ್ದವರು ಸೈಕಲ್ಲು ನಿಲ್ಲಿಸಿ ಬಾಗಿಲಿಗೆ ಬಂದರು. ಮಗಳನ್ನು ಗಂಡನ ಮನೆಗೆ ಕಳಿಸುವ ಸಾಲು ಬಂದಾಗ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡು ತಾವೂ ದನಿಗೂಡಿಸಿದರು. ಸಂತೆಯ ಸರಕು ಕೆಟ್ಟೀತೆಂಬ ಚಿಂತೆಯೂ ನನಗೆ ಮರೆತುಹೋಯಿತು. ದಾನಮ್ಮಕ್ಕ ಮಾತ್ರ ಅಳಲಿಲ್ಲ, ಹಾಡಲಿಲ್ಲ. ಸ್ಟೂಲಿನ ಮೇಲಿನ ಗುಡ್ಡೆಯನ್ನೇ ನೋಡುತ್ತಿದ್ದರು.

ಗುಡ್ಡೆಯಿಂದ ಆ ಕೈ ಮೇಲೆದ್ದು ನಮಗೆಲ್ಲ ಸುಮ್ಮನಿರಲು ಸನ್ನೆ ಮಾಡಿತು.

"ಗದ್ದಲ ಮಾಡಬ್ಯಾಡ್ರಿ," ಎಂದಿತು ಮೇಷ್ಟ್ರ ದನಿ. "ಇನ್ನೇನು ಶುರುವಾಗ್ತೈತಿ."

ಹಾಡು ಮುಗಿಯಿತು. ದಾನಮ್ಮಕ್ಕ ಹೋಗಿ ಸ್ವಿಚ್ಚು ತೆಗೆದರು. ಮಂಡಕ್ಕಿಯೆಲ್ಲ ಜರ್ರೆಂದು ಉದುರಿ, ಒಳಗಿನಿಂದ ಮೇಷ್ಟ್ರು ಹೊರಬಿದ್ದರು. ಹೆಡ್‌ಫೋನು ಇಳಿಸಿ, ಎರಡೂ ಕಿವಿಗಳಿಂದ ಮಂಡಕ್ಕಿ ತೆಗೆದು, ಹೆಂಡತಿಯ ಕಡೆ ಮರುಕದಿಂದ ನೋಡಿದರು.

"ನಿನ್ನ ಪದ ಹಾಕ್ಲೇ ಇಲ್ಲ ನೋಡು. ಸುಮ್ನೆ ಆಸೆ ತೋರ್ಸಿ ಹೋಗ್ಯಾರ. ಹಾಕಿದ್ರೆ ನನ್ನ ಕಿವಿಗೆ ತಪ್ತಿತ್ತಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆದೆ. ದಾನಮ್ಮಕ್ಕ ನನ್ನನ್ನು ತಡೆದರು.

"ಬಿಡು ತಿಪ್ಪೇಶಿ," ಎಂದರು. "ಬೀದಿ ಕೇಳ್ತಲ್ಲ, ಸಾಕು."

ಆಕೆ ಬಗ್ಗಿ ಒಂದು ಹಿಡಿ ಮಂಡಕ್ಕಿ ಎತ್ತಿ, ಬಾಗಿಲಲ್ಲಿ ನಿಂತ ಅಪರಿಚಿತರಿಗೂ ತೆಗೆದುಕೊಳ್ಳಲು ಹೇಳಿ, ಅವರ ನಡುವೆ ಹಾದು ಮನೆಗೆ ಹೋದರು. ಸ್ವಿಚ್ಚು ತೆಗೆದದ್ದು ತಿಳಿಯದ ಮೇಷ್ಟ್ರು ಗುಂಡಿ ತಿರುಗಿಸುತ್ತ ಇನ್ನೂ ಸ್ವಲ್ಪ ಹೊತ್ತು ಕಾದರು.

ಅಂದು ಊರಿಗೆಲ್ಲ ಕೇಳಿದ ಹಾಡು ತಮಗೊಬ್ಬರಿಗೇ ಕೇಳಲಿಲ್ಲ ಎಂಬುದನ್ನು ಮೇಷ್ಟ್ರಿಗೆ ಇಂದಿಗೂ ಯಾರೂ ಹೇಳಿಲ್ಲ. ಹೇಳಿದರೂ ಅವರು ಕೇಳಿಸಿಕೊಳ್ಳುವವರಲ್ಲ.