ಸೊನ್ನೆಗೆ ಸೊನ್ನೆ

ಡಂಬಳದ ಖಾಸಿಂಸಾಬ ಗಾದಿ ಹೊಲಿಯುವವನು. ವಾಲಿಬಾಲನ್ನು ಒಮ್ಮೆಯೂ ಮುಟ್ಟಿದವನಲ್ಲ. ಆದರೆ ಯಾವ ಊರು ಯಾವ ಊರನ್ನು ಎಷ್ಟಕ್ಕೆ ಸೋಲಿಸಿತೆಂಬುದು ಅವನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಹತ್ತಿ ಹಿಂಜಿದಂತೆ ಪಾಯಿಂಟುಗಳನ್ನು ಹಿಂಜುತ್ತಿದ್ದ. ಆ ಚಟವೇ ಮುಂಡರಗಿಯ ಪಂದ್ಯಾವಳಿಯಲ್ಲಿ ಅವನನ್ನು ಹಳ್ಳಕ್ಕೆ ಕೆಡವಿತು.

ಡಂಬಳ, ಡೋಣಿ ಎರಡೂ ಆಗಲೇ ಸೆಮಿಫೈನಲ್ ಸೇರಿದ್ದವು. ಉಳಿದದ್ದು ಅವೆರಡರ ನಡುವಿನ ಆಟ. ಗೆದ್ದವರು ಗುಂಪಿಗೆ ಮೊದಲನೆಯವರು, ಸೋತವರು ಎರಡನೆಯವರು, ಅಷ್ಟೇ.

ಆಟಕ್ಕೆ ಮುಂಚೆ ಖಾಸಿಂಸಾಬ ಡಂಬಳದ ನಾಯಕ ಚನ್ನಬಸವಣ್ಣನನ್ನು ಬೇವಿನ ಗಿಡದ ಕೆಳಗೆ ಎಳೆದೊಯ್ದ.

“ಚನ್ನಬಸಣ್ಣ, ಇವತ್ತ ಸೋಲ್ರಿ.”

“ಏನಂದಿ?”

“ಲೆಕ್ಕ ಕೇಳ್ರಿ. ಗೆದ್ರ ಸೆಮಿಫೈನಲ್ಲಿಗೆ ಆಚೀ ಗುಂಪಿನ ಎರಡನೇ ನಂಬರ್ ಬೆಟಗೇರಿ ಗಂಟು ಬೀಳತೈತಿ. ಆ ಹುಡುಗರು ಹೊಡದ್ರ ಚೆಂಡು ಕಣ್ಣಿಗೆ ಕಾಣಂಗಿಲ್ಲ. ನಿನ್ನೆ ಬಸ್ ಕೆಟ್ಟು ತಡಾ ಆತಂತ ಎರಡನೇ ನಂಬರಿಗೆ ಬಿದ್ದಾರ. ಸೋತ್ರ ನಮಗ ಲಕ್ಷ್ಮೇಶ್ವರ. ಅವರು ಬೆಟಗೇರಿ ಜೋಡಿ ಆಡದನ ಮೊದಲನೇ ನಂಬರ್ ಆಗ್ಯಾರ. ಅವರನ್ನ ನಮ್ಮಜ್ಜಿನೂ ಸೋಲಸತಾಳ!”

ಚನ್ನಬಸವಣ್ಣನ ಮುಖ ಕಾದ ಹಂಚಾಯಿತು. “ಡೋಣಿ ಮುಂದ ಡಂಬಳ ಇವತ್ತಿನ ಮಟಾ ಸೋತಿಲ್ಲಲೇ! ನಿನ್ನ ಹೇಂತಿ ಡೋಣಿಯಾಕಿ, ಆಕಿ ಅಣ್ಣ ಮಾಶಾಕ ಅವರ ಕ್ಯಾಪ್ಟನ್. ಯಾರ ಕಡೆ ಐತಿ ನಿನ್ನ ಲೆಕ್ಕ?”

ಖಾಸಿಂಸಾಬ ಎದೆಯುಬ್ಬಿಸಿದ. “ಫೈನಲ್ ಮುಟ್ಟಲಿಲ್ಲಂದ್ರ ನನ್ನ ಡಂಬಳದಾವ ಅನಬ್ಯಾಡ್ರಿ. ಡೋಣಿ ಅಳಿಯಾ ಅಂತ ಕರೀರಿ!”

ಈ ಮಾತಿಗೆ ನಾಯಕ ತಣ್ಣಗಾದ.

ಸೀಟಿ ಕೂಗಿತು. ಚನ್ನಬಸವಣ್ಣ ಹಲ್ಲು ಕಚ್ಚಿ ಸರ್ವ್ ಮಾಡಿದ. ಚೆಂಡು ನೆಟ್ಟಿಗೆ ಬಡಿಯಿತು. ಸರ್ವ್ ಡೋಣಿಗೆ ಹೋಯಿತು. ಮಾಶಾಕ ಹೊಡೆದ ಚೆಂಡು ಬೇವಿನ ಗಿಡ ಹತ್ತಿತು. ಖಾಸಿಂಸಾಬ ನಕ್ಕ. ಡಂಬಳದ ಮುಂದಿನ ಚೆಂಡು ಮುಖ್ಯ ಅತಿಥಿಗಳ ಚಹಾ ಚೆಲ್ಲಿತು. ಡೋಣಿಯದು ಮಿರ್ಚಿ ಬಾಣಲೆಯನ್ನು ಹುಡುಕಿಕೊಂಡು ಹೋಯಿತು. ಖಾಸಿಂಸಾಬನ ನಗು ಅಲ್ಲಿಗೇ ಒಣಗಿತು.

ಇವರೂ ಸೋಲಲು ಬಂದಿದ್ದಾರೆ!

ಸರ್ವ್ ಮಾಡಿದವರಿಗೆ ಮಾತ್ರ ಪಾಯಿಂಟು ಸಿಗುವ ಆಟ ಅದು. ಸರ್ವ್ ಕೆಟ್ಟರೆ ಯಾರಿಗೂ ಏನೂ ಇಲ್ಲ, ಚೆಂಡು ಆಚೆಯವರ ಕೈಗೆ ಹೋಗುತ್ತದೆ, ಅಷ್ಟೇ. ಸೋಲಬೇಕೆಂದರೂ ಎದುರಿನವರ ಚೆಂಡು ನೆಟ್ಟು ದಾಟಿ ಬರಬೇಕು. ದಾಟಿಸಲು ಯಾರಿಗೆ ಬೇಕಾಗಿದೆ? ನೆರಳು ಉದ್ದವಾಯಿತು, ಹಲಗೆಯ ಮೇಲೆ ಸೊನ್ನೆಗೆ ಸೊನ್ನೆಯೇ ನಿಂತಿತ್ತು.

“ಆಡಾಕ ಬಂದೀರೋ, ಕಾಗಿ ಹೊಡ್ಯಾಕ ಬಂದೀರೋ?” ಎಂದು ಅಂಪೈರ್ ದೇವೇಂದ್ರಪ್ಪ ಅರಚಿದ.

ಅಷ್ಟರಲ್ಲಿ ಗದಗಿನ ಕಡೇ ಬಸ್ಸು ಹಾರ್ನ್ ಹೊಡೆಯಿತು. ಬೆಟಗೇರಿಯವರು ಚೀಲ ಹೆಗಲಿಗೇರಿಸಿದರು. “ನಿಮ್ಮ ಆಟ ಮುಗಿಯೂದ್ರಾಗ ನಮಗ ಮೊಮ್ಮಕ್ಕಳಾಗತಾವ!” ಎಂದು ಹತ್ತಿ ಹೋದರು.

ಸೀಟಿ ಊದಿ ಊದಿ ಕೆನ್ನೆ ಸೋತ ದೇವೇಂದ್ರಪ್ಪ ಎರಡೂ ತಂಡಗಳನ್ನು ಹೊರಗಟ್ಟಿದ. ಕಣದಲ್ಲಿ ಉಳಿದದ್ದು ಆಕಳಿಸುತ್ತ ಕೂತಿದ್ದ ಲಕ್ಷ್ಮೇಶ್ವರವೊಂದೇ. ಬೆಟಗೇರಿ ತಡವಾಗಿ ಬಂದದ್ದಕ್ಕೆ ಲಕ್ಷ್ಮೇಶ್ವರಕ್ಕೆ ಮೊದಲನೇ ಸ್ಥಾನ, ಬೇಗ ಹೋದದ್ದಕ್ಕೆ ಷೀಲ್ಡು!

ಖಾಸಿಂಸಾಬ ಮನೆಗೆ ಬಂದವನೇ ಗಾದಿಯ ಮೇಲೆ ಕುಸಿದ. “ನನ್ನ ಲೆಕ್ಕ ಡೋಣಿಯವರಿಗೆ ಹೆಂಗ ಗೊತ್ತಾತು?”

ಹೆಂಡತಿ ಹಸೀನಾಬಿಯ ಮುಖ ಅರಳಿತು. “ಮುಂಜಾನೆ ಅಣ್ಣ ಬಂದಿದ್ದನಲ್ರಿ! ತಂಗಿ ಊರು ದಾಟಾವ ಉಣ್ಣದ ಹೋಗತಾನೇನು? ‘ನಿನ್ನ ಗಂಡಗ ಹತ್ತಿ ಬಿಟ್ರ ಏನ್ ತಿಳೀತೈತಿ’ ಅಂದ. ನನಗ ಸಿಟ್ಟು ಬಂತು. ನಿನ್ನೆ ನೀವು ಹೇಳಿದ್ದ ಲೆಕ್ಕ ಪೂರಾ ಹೇಳಿ ಬಾಯಿ ಮುಚ್ಚಿಸಿದೆ. ‘ಖರೆ ಶಾಣ್ಯಾ ಅದಾನ’ ಅಂತ ಒಪ್ಪಿಕೊಂಡ್ರೀ!”

ಹೊರಗಿನಿಂದ ಚನ್ನಬಸವಣ್ಣನ ದನಿ ಕೇಳಿಸಿತು. “ಡೋಣಿ ಅಳಿಯಾ, ಮನ್ಯಾಗ ಅದಿಯೇನಪಾ?”

ಖಾಸಿಂಸಾಬ ಹೊಸ್ತಿಲಿಗೆ ಬಂದು ಎದೆ ಸೆಟೆಸಿದ. “ಏನರ ಅನ್ರಿ ಚನ್ನಬಸಣ್ಣ, ಡೋಣಿ ಮುಂದ ಡಂಬಳ ಇವತ್ತೂ ಸೋಲಲಿಲ್ಲ!”

ಒಳಗಿನಿಂದ ಹಸೀನಾಬಿ ಅಷ್ಟೇ ಗತ್ತಿನಿಂದ ಕೂಗಿದಳು. “ಡೋಣೀನೂ ಸೋಲಲಿಲ್ಲ!”